ಹೊಂಬಳ ಅವರ ಬಣ್ಣದ ಡಬ್ಬಿ

ಗಾಳಿಶಕ ನೂರ ನಲವತ್ತೊಂದು, ಎರಡನೇ ಬೇಸಗೆ, ಧೂಳಿನ ಹನ್ನೆರಡನೇ ದಿನ
ಏಳನೇ ಓಣಿ, ಕಪ್ಪತಗುಡ್ಡದ ಕೆಳಗೆ

ಹೊಂಬಳ ಅವರಿಗೆ,

ಮೇಲೆ ಬರೆದ ದಿನ ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನೀವು ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ ಬರೆಯುತ್ತಿರುವ ಕಾಗದ ಇದು. ನಮಗೆ ವರ್ಷಕ್ಕೆ ಎರಡು ಬೇಸಗೆ, ನಡುವೆ ಹೆಸರಿಗೊಂದು ಮಳೆ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬೈಗುಳವೂ ಬರುತ್ತದೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮ್ಮ ಪೂರ್ತಿ ಹೆಸರು ನನಗೆ ತಿಳಿಯದು. ನನಗೆ ಸಿಕ್ಕ ನಿಮ್ಮ ಬಣ್ಣದ ಡಬ್ಬಿಯೊಳಗೆ ಮಡಚಿಟ್ಟಿದ್ದ ಕೊರಿಯರ್ ಚೀಲದ ಮೇಲೆ 'ಹೊಂಬಳ' ಎಂಬುದಷ್ಟೇ ಉಳಿದಿತ್ತು, ಮಿಕ್ಕದ್ದು ಅಳಿಸಿಹೋಗಿತ್ತು.

ನನ್ನ ಹೆಸರು ಗಂಗಿಮಾಳವ್ವ. ವಯಸ್ಸು ಮೂವತ್ತೆಂಟು. ನಾನು ಈ ಓಣಿಯ ಕೆನ್ನೆಗಾರ್ತಿ, ಅಂದರೆ ನಲವತ್ತು ಗಂಡಸರ ಮುಖ ಬೋಳಿಸುವವಳು. ನಿಮ್ಮ ಕಾಲದಲ್ಲಿ ಗಡ್ಡ ಬಿಡುವುದು, ತೆಗೆಯುವುದು ಅವರವರ ಖುಷಿಗೆ ಬಿಟ್ಟದ್ದಾಗಿತ್ತಂತೆ. ಇಲ್ಲಿ ಹಾಗಲ್ಲ. ಹೊರಗೆ ಹೋಗಬೇಕಾದರೆ ಉಸಿರುಗವಸು ಹಾಕಬೇಕು. ಅದು ಮೂಗು ಬಾಯಿ ಮುಚ್ಚಿ ಕೆನ್ನೆಗೆ ಅಂಟಿಕೊಳ್ಳುವ ಚೀಲ. ಎಳ್ಳಿನಷ್ಟು ಉದ್ದದ ಕೂದಲಿದ್ದರೂ ಅಂಟು ಬಿಡುತ್ತದೆ, ಆ ಸಂದಿನಿಂದ ಧೂಳು ನುಗ್ಗುತ್ತದೆ, ನಾಲ್ಕು ದಿನದಲ್ಲಿ ಎದೆ ಕಟ್ಟುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಅಗಸಿಯ ಬಾಗಿಲಲ್ಲಿ ಸೋಮಲಿಂಗ ಎಂಬವನು ನಿಂತು ಪ್ರತಿಯೊಬ್ಬರ ಕೆನ್ನೆಗೂ ಮುಂಗೈಯ ಹಿಂಬದಿ ತಾಗಿಸಿ ನೋಡುತ್ತಾನೆ. ಇದಕ್ಕೆ ಕೆನ್ನೆ ಕೊಡುವುದು ಎನ್ನುತ್ತೇವೆ. ಕೂದಲು ತಗುಲಿದರೆ ಹಿಂದಕ್ಕೆ. ಗಾಯ ಇದ್ದರೂ ಹಿಂದಕ್ಕೆ, ಏಕೆಂದರೆ ಹಕ್ಕಳೆಯ ಮೇಲೆ ಅಂಟು ಕೂರುವುದಿಲ್ಲ. ಒಂದೇ ಬೇಸಗೆಯಲ್ಲಿ ಮೂರು ಸಲ ಹಿಂದೆ ಬಂದವನಿಗೆ ಒಳವಾಸ. ಆಮೇಲೆ ಸಾಯುವ ತನಕ ಅವನು ಹೊಸ್ತಿಲು ದಾಟುವ ಹಾಗಿಲ್ಲ. ನಮ್ಮ ಕೆಲಸದವರ ಮುಖವನ್ನು ಬೆಳಿಗ್ಗೆ ಎದ್ದು ನೋಡಬಾರದು ಎಂದು ನಿಮ್ಮವರು ಹೇಳುತ್ತಿದ್ದರಂತೆ. ಈಗ ನನ್ನ ಮುಖ ನೋಡದೆ ಈ ಓಣಿಯಿಂದ ಒಂದು ಗಂಡು ನರಪಿಳ್ಳೆಯೂ ಹೊರಗೆ ಕಾಲಿಡುವುದಿಲ್ಲ.

ಇನ್ನು ಹೇಸಿಗೆಯ ಮಾತಿಗೆ ಬರುತ್ತೇನೆ. ಒಳ್ಳೆಯ ಉಕ್ಕೆಲ್ಲ ಗುಡ್ಡದ ಮೇಲೆ ತಿರುಗುವ ಗಾಳಿಕಂಬಗಳಿಗೆ ಹೋಗುತ್ತದೆ, ಮುಖಕ್ಕೆಂದು ಯಾರೂ ಕೊಡುವುದಿಲ್ಲ. ಹಾಗಾಗಿ ನನ್ನ ಅಜ್ಜಿ, ನನ್ನ ಅವ್ವ, ಆಮೇಲೆ ನಾನು, ಮೂರು ತಲೆಮಾರು ನಿಮ್ಮ ತಿಪ್ಪೆಗುಡ್ಡ ಅಗೆದು ನೀವು ಎಸೆದ ಐದಲಗಿಗಳನ್ನು ಆರಿಸಿ ತಂದು ಬದುಕಿದವರು. ಐದಲಗಿ ಎಂದರೆ ನೀವು ಕಾರ್ಟ್ರಿಜ್ ಎನ್ನುತ್ತಿದ್ದ ಆ ಪ್ಲಾಸ್ಟಿಕ್ಕಿನ ತಲೆ, ಅದರೊಳಗೆ ಒತ್ತೊತ್ತಾಗಿ ಕೂರಿಸಿದ ಐದು ಅಲಗು. ಹೊಸದು ಯಾರಿಗೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ನೀವು ಬಳಸಿ ಬಿಸಾಡಿದ್ದು. ಒಂದೊಂದನ್ನೂ ಕುದಿಯುವ ನೀರಿಗೆ ಹಾಕಿ, ಸೂಜಿ ಹಿಡಿದು ಅಲಗುಗಳ ನಡುವಿನಿಂದ ನಿಮ್ಮ ಕೂದಲು, ನಿಮ್ಮ ಚರ್ಮದ ಹೊಟ್ಟು, ನಿಮ್ಮ ಸೋಪು ಮೂರೂ ಕಲೆತು ಕಟ್ಟಿದ ಬೂದು ಬಣ್ಣದ ಹಿಟ್ಟನ್ನು ಕೆದಕಿ ತೆಗೆಯಬೇಕು. ಸುಮಾರು ಮೂವತ್ತು ವರ್ಷ ನಾನು ಮಾಡಿದ ಬೆಳಗಿನ ಕೆಲಸ ಇದು. ಮೇಲ್ಗಡೆ ಒಂದು ಹಸಿರು ಲೋಳೆಪಟ್ಟಿ ಇರುತ್ತದಲ್ಲ, ಕೆನ್ನೆಯ ಮೇಲೆ ಅಲಗು ಜಾರಲಿ ಎಂದು ನೀವು ಅಂಟಿಸುತ್ತಿದ್ದದ್ದು, ಅದಕ್ಕೆ ಸಾವೇ ಇಲ್ಲ. ಬಿಸಿನೀರು ತಾಗಿದೊಡನೆ ಊದಿಕೊಂಡು ಮೂಗಿನ ಸಿಂಬಳದ ಹಾಗೆ ಬೆರಳಿಗೆ ಹತ್ತುತ್ತದೆ, ಜೊತೆಗೆ ಯಾವುದೋ ಸತ್ತ ಹೂವಿನ ವಾಸನೆ. ಎಷ್ಟೋ ದಿನ ಬೆಳಗಿನ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಿದ್ದೇನೆ.

ಕೊಳೆಯನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅದನ್ನು ಮಾಡಿದ ಬುದ್ಧಿ. ಅಲಗು ಮೊಂಡಾದರೆ ಮಸೆಯಬೇಕು, ಇದು ಕುಡುಗೋಲು ಹಿಡಿಯುವ ಮಗುವಿಗೂ ಗೊತ್ತು. ಆದರೆ ನಿಮ್ಮ ಐದಲಗಿಯೊಳಗೆ ಯಾವ ಕಲ್ಲೂ ಹೋಗುವುದಿಲ್ಲ, ಯಾವ ಚರ್ಮದ ಪಟ್ಟಿಯೂ ಹೋಗುವುದಿಲ್ಲ. ಬಿಚ್ಚಲು ಹೋದರೆ ಮುರಿಯುತ್ತದೆ. ಅಂದರೆ ಮಸೆಯಬಾರದು, ಬಿಚ್ಚಬಾರದು, ಎಸೆಯಬೇಕು ಎಂದೇ ಯೋಚಿಸಿ, ಕೂತು, ಲೆಕ್ಕ ಹಾಕಿ ಯಾರೋ ಮಾಡಿದ್ದು. ಒಂದು ಅಲಗು ಸಾಲದು ಎಂದು ಎರಡು, ಎರಡು ಸಾಲದು ಎಂದು ಮೂರು, ಕೊನೆಗೆ ಐದು. ನಿಮ್ಮ ಕೆನ್ನೆ ಏನು ಕರಿಜಾಲಿಯ ಹೊಲವೇ? ನನ್ನ ಅಪ್ಪನ ಗದ್ದದ ಮೇಲೆ ಐದಲಗಿಯಿಂದ ಒಂದು ಸಣ್ಣ ಗುಳ್ಳೆ ಎದ್ದಿತು. ಮೊದಲನೆಯ ಅಲಗು ಕೂದಲನ್ನು ಎಳೆದು, ಹಿಂದಿನವು ಚರ್ಮದ ಕೆಳಗೇ ಕತ್ತರಿಸಿ, ಕೂದಲು ಒಳಮುಖವಾಗಿ ಬೆಳೆದು ಕೀವಾಯಿತು. ಯಾರದೋ ಮುಖದ ಮಣ್ಣು ಅದರೊಳಗೆ ಸೇರಿತ್ತು. ಬಾವು ಕಣ್ಣಿಗೆ ಏರಿತು, ಹನ್ನೊಂದನೇ ದಿನಕ್ಕೆ ಅಪ್ಪ ಹೋದ. ಆ ಐದಲಗಿಯನ್ನು ಕುದಿಸಿ, ಕೆದಕಿ, ಚೊಕ್ಕ ಆಯಿತು ಎಂದು ಅಪ್ಪನ ಗದ್ದಕ್ಕೆ ಹಚ್ಚಿದವಳು ನಾನೇ. ನನ್ನ ಸಿಟ್ಟಿನ ಮೂಲ ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಹೋದ ವರ್ಷ ಎರಡನೇ ತಿಪ್ಪೆಗುಡ್ಡದ ಪಡುವಣ ಮಗ್ಗುಲಲ್ಲಿ ನಿಮ್ಮ ಬಣ್ಣದ ಡಬ್ಬಿ ಸಿಕ್ಕಿತು. ಗೋಡೆಗೆ ಬಳಿಯುವ ಬಣ್ಣದ್ದು, ಬಿಳಿಯದು, ಮುಚ್ಚಳ ಬಿಗಿಯಾಗಿತ್ತು. ಬ್ಲೇಡುಗಳನ್ನು ಹಾಗೇ ಕಸಕ್ಕೆ ಹಾಕಿದರೆ ಕಸ ಎತ್ತುವವರ ಕೈ ಕುಯ್ದೀತು ಎಂದು ವರ್ಷಗಟ್ಟಲೆ ಅದರಲ್ಲಿ ಕೂಡಿಟ್ಟಿರಿ ಎಂದು ಕಾಣುತ್ತದೆ. ಅಷ್ಟು ಒಳ್ಳೆಯತನ ನಿಮ್ಮಲ್ಲಿತ್ತು, ಇಲ್ಲ ಎನ್ನುವುದಿಲ್ಲ. ನಾವು ಅಗೆಯುವವರು ಡಬ್ಬಿಯನ್ನು ಬೋರಲು ಹಾಕುವುದಿಲ್ಲ, ಒಂದೊಂದು ಪದರವಾಗಿ ಎತ್ತುತ್ತೇವೆ. ತಳದಲ್ಲಿ ಮೂವತ್ತೊಂದು ಐದಲಗಿ ಇದ್ದವು. ಅವುಗಳ ಮೇಲೆ ಕೊರಿಯರ್ ಚೀಲ, ಚೀಲದೊಳಗೆ ಅಂಗೈಯಷ್ಟು ಉದ್ದದ, ಒಳ್ಳೆ ತೂಕದ, ಲೋಹದ ಒಂದು ರೇಜರು, ಅದರ ಜೊತೆ ಕಾಗದದಲ್ಲಿ ಸುತ್ತಿದ ನಾಲ್ಕು ತೆಳು ಬ್ಲೇಡು. ಒಂದರ ಅಂಚಿನಲ್ಲಿ ಮಾತ್ರ ಕಂದು ಕಲೆ, ಮೂರು ಮುಟ್ಟಿಯೇ ಇರಲಿಲ್ಲ. ಅದರ ಮೇಲೆ ಮತ್ತೆ ಇಪ್ಪತ್ತೆರಡು ಐದಲಗಿ.

ಇದನ್ನು ಓದಲು ಪಂಡಿತರು ಬೇಕಿಲ್ಲ. ನಿಮಗೂ ಐದಲಗಿಯ ಮೇಲೆ ಹೇಸಿಗೆ ಹುಟ್ಟಿತ್ತು. ನೀವು ಒಳ್ಳೆಯ ರೇಜರು ತರಿಸಿದಿರಿ. ಒಂದೇ ಒಂದು ದಿನ ಬಳಸಿದಿರಿ, ಮುಖ ಕುಯ್ದುಕೊಂಡಿರಿ, ಅದನ್ನು ಡಬ್ಬಿಗೆ ಎಸೆದು ಮತ್ತೆ ಐದಲಗಿಗೆ ಮರಳಿದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉಗುಳಿದ್ದನ್ನು ಮತ್ತೆ ನೆಕ್ಕುವವರನ್ನು ನಾನು ಕಂಡಿದ್ದೇನೆ, ಆದರೆ ಇಪ್ಪತ್ತೆರಡು ಸಲ ನೆಕ್ಕುವವರನ್ನು ಕಂಡಿರಲಿಲ್ಲ.

ಆ ರೇಜರಿನ ಬಗ್ಗೆ ನಾನು ಏನು ಹೇಳಲಿ? ಹಿಡಿ ತಿರುವಿದರೆ ತಲೆ ಎರಡು ಬಾಗಿಲಿನಂತೆ ತೆರೆಯುತ್ತದೆ. ಬ್ಲೇಡನ್ನು ಎತ್ತಿ ತೊಳೆದು, ಒರೆಸಿ, ಮತ್ತೆ ಇಡಬಹುದು. ಕೊಳೆ ಅಡಗಿ ಕೂರಲು ಒಂದು ಮೂಲೆಯೂ ಇಲ್ಲ. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಒತ್ತಿ ಹಿಂದೆ ಮುಂದೆ ಆಡಿಸಿದರೆ ಸಾಕು, ಮತ್ತೆ ಹರಿತ. ನಮ್ಮ ಕಮ್ಮಾರ ಹಳೇ ಪೆಟ್ಟಿಗೆ ಬಿಗಿಯುವ ಉಕ್ಕಿನ ಪಟ್ಟಿಯನ್ನು ಕಾಯಿಸಿ, ತಟ್ಟಿ, ಕೊರೆದು ಅದೇ ಅಳತೆಯ ಬ್ಲೇಡು ಮಾಡಿಕೊಟ್ಟ. ಈಗ ನಲವತ್ತು ಗಂಡಸರಿಗೂ ತಮ್ಮ ತಮ್ಮ ಬ್ಲೇಡು, ತಮ್ಮ ತಮ್ಮ ಹೆಸರಿನ ಪೊಟ್ಟಣ. ಮೊದಲ ದಿನ ಆ ಒಂದೇ ಅಲಗು ಕೆನ್ನೆಯ ಮೇಲೆ ಸರಸರನೆ ಹೋದ ಸದ್ದು ಕೇಳಿ ನಾನು ಅತ್ತೆ. ಅಂದೇ ಮನೆಯಲ್ಲಿದ್ದ ಐದಲಗಿಗಳನ್ನೆಲ್ಲ ಬಾಚಿ ಕಮ್ಮಾರನ ಕುಲುಮೆಗೆ ಸುರಿದು, ಮೂರು ಸಲ ಕೈ ತೊಳೆದೆ.

ಆದರೆ ಆ ರೇಜರಿನ ಕತ್ತಿನಲ್ಲಿ ಒಂದು ಬಳೆ ಇದೆ. ಅದು ತಿರುಗುತ್ತದೆ. ಅದರ ಮೇಲೆ ಒಂದರಿಂದ ಒಂಬತ್ತರವರೆಗೆ ಅಂಕಿ ಕೊರೆದಿದೆ. ನಮ್ಮ ಸರ್ವನಾಶಕ್ಕೆ ಅಷ್ಟೇ ಸಾಕಾಯಿತು.

ಯಾಕೆ ಎಂದು ಹೇಳಬೇಕಾದರೆ ಮಾನದಂಕಿ ಎಂದರೇನು ಎಂದು ಹೇಳಬೇಕು. ನಮ್ಮಲ್ಲಿ ಪ್ರತಿಯೊಬ್ಬರಿಗೂ ವಯಸ್ಸಿನ ಪ್ರಕಾರ ಒಂದು ಅಂಕಿ. ಹತ್ತರೊಳಗಿನವರು ಒಂದು, ಆಮೇಲೆ ಹತ್ತು ವರ್ಷಕ್ಕೊಂದು ಏರುತ್ತದೆ, ಎಂಬತ್ತು ದಾಟಿದವರು ಒಂಬತ್ತು. ನೀರು ಅಳೆಯುವುದು ಅದರ ಪ್ರಕಾರ, ಪಂಕ್ತಿಯಲ್ಲಿ ಕೂರುವುದು ಅದರ ಪ್ರಕಾರ, ಗಾಳಿ ಬೀಸುವ ಕಿಟಕಿಯ ಪಕ್ಕ ಹಾಸಿಗೆ ಸಿಗುವುದೂ ಅದರ ಪ್ರಕಾರ. ಒಂಬತ್ತರವರಿಗೆ ಎಂಟರ ಲೋಟ ಇಟ್ಟರೆ ಅವರು ಎದ್ದು ಹೋಗುತ್ತಾರೆ, ಮನೆಯವರು ಕಾಲಿಗೆ ಬಿದ್ದು ಕರೆತರಬೇಕು. ಒಂದರಿಂದ ಒಂಬತ್ತರವರೆಗಿನ ಬಳೆ ಕಂಡೊಡನೆ ನಮಗೆ ಏನು ಹೊಳೆಯಬೇಕು ಹೇಳಿ? ಹಿಂದಿನವರಿಗೂ ಮಾನದಂಕಿ ಇತ್ತು, ಮುಖ ಬೋಳಿಸುವಾಗಲೂ ಅವರು ಹಿರಿಯರನ್ನು ಮರೆತಿರಲಿಲ್ಲ ಎಂದು ನಮ್ಮ ದೈವದವರು, ಅಂದರೆ ಓಣಿಯ ನ್ಯಾಯ ಹೇಳುವ ಹಿರಿಯರು, ಹಿರಿಹಿರಿ ಹಿಗ್ಗಿದರು. ಆ ದಿನದಿಂದ ಮೀಸೆ ಚಿಗುರಿದವರಿಗೆ ಎರಡು, ನಲವತ್ತರವರಿಗೆ ಐದು, ಒಂಬತ್ತರ ಹಿರಿಯರಿಗೆ ಒಂಬತ್ತು. ನಾನೂ ಕೈಮುಗಿದು ತಿರುವಿದೆ.

ಹುಡುಗರ ಕೆನ್ನೆ ಬೆಣ್ಣೆಯಾದವು. ಮುದುಕರ ಕೆನ್ನೆ ಹರಿದವು. ಅದಕ್ಕೆ ದೈವದವರು ಕೊಟ್ಟ ಕಾರಣ ಕೇಳಿದರೆ ನಿಮಗೆ ವಾಕರಿಕೆ ಬರುತ್ತದೆ. ಹಿರಿಯರ ರಕ್ತ ಪುಣ್ಯದ್ದಂತೆ, ಅದಕ್ಕೆ ಹೊರಬರುವ ಆತುರ ಜಾಸ್ತಿಯಂತೆ. ಬಿಳಿ ಬಟ್ಟೆಗೆ ಒತ್ತಿಕೊಂಡ ಕಲೆಗಳನ್ನು ಒಬ್ಬರಿಗೊಬ್ಬರು ತೋರಿಸಿ ಯಾರದು ದೊಡ್ಡದು ಎಂದು ನೋಡತೊಡಗಿದರು. ಆ ಬಟ್ಟೆಗಳನ್ನು ಒಗೆಯುವವಳು ನಾನು. ಇಷ್ಟು ದಿನ ನಿಮ್ಮ ಕೊಳೆಗೆ ಹೇಸಿದವಳಿಗೆ ನನ್ನವರ ಮೇಲೇ ಹೇಸಿಗೆ ಹುಟ್ಟಿತು.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ಕೂತು ಬಳೆಗೆ ಅಂಟಿದ ಸೋಪು ತೆಗೆಯುತ್ತಿದ್ದೆ. ತಿರುವುತ್ತಾ ಹೋದ ಹಾಗೆ ತಲೆ ಮೆಲ್ಲಗೆ ಮೇಲೇಳುವುದು ಕಂಡಿತು. ಒಂದರಲ್ಲಿ ಅಲಗಿಗೂ ಅದರ ಕೆಳಗಿನ ಅಡ್ಡಪಟ್ಟಿಗೂ ನಡುವೆ ಬೆಳಕು ಕಾಣುವುದೇ ಕಷ್ಟ. ಒಂಬತ್ತರಲ್ಲಿ ಅಲ್ಲಿ ಅಕ್ಕಿಕಾಳು ಸಿಕ್ಕಿಸಬಹುದು. ಅದು ಮಾನವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ, ಅಲಗು ಎಷ್ಟು ಹೊರಗೆ ಬರಬೇಕು ಎಂಬ ಅಳತೆ. ಒರಟು ಗಡ್ಡಕ್ಕೆ ಹೆಚ್ಚು, ತೆಳು ಚರ್ಮಕ್ಕೆ ಕಡಿಮೆ. ನನ್ನ ಮೊಣಕಾಲ ಕೆಳಗೆ ಎರಡಕ್ಕೆ ಇಟ್ಟು ಎಳೆದೆ, ಏನೂ ಆಗಲಿಲ್ಲ. ಒಂಬತ್ತಕ್ಕೆ ಇಟ್ಟು ಎಳೆದೆ, ರಕ್ತ ಹಿಮ್ಮಡಿಯವರೆಗೆ ಇಳಿಯಿತು. ಆಗ ನಿಮ್ಮ ನೆನಪಾಯಿತು. ಡಬ್ಬಿಯಿಂದ ತೆಗೆದ ದಿನ ಬಳೆ ಒಂಬತ್ತರಲ್ಲೇ ನಿಂತಿತ್ತು. ನಿಮಗೆ ಮಾನದಂಕಿ ಇರಲಿಲ್ಲ, ಆದರೂ ದೊಡ್ಡ ಅಂಕಿಯೇ ದೊಡ್ಡದು ಎಂದು ನೀವೂ ತಿಳಿದಿರಿ.

ಆ ಗಾಯ ತೋರಿಸಲು ದೈವದವರ ಮುಂದೆ ಹೋದೆ. ಹೆಂಗಸಿನ ಕಾಲು ಎಂದು ಅವರು ಮುಖ ತಿರುಗಿಸಿದರು. ನಾಲ್ಕರ ಹೆಂಗಸು ಒಂಬತ್ತಕ್ಕೆ ತಿರುವಿದರೆ ಅದು ಕಚ್ಚದೆ ಬಿಡುತ್ತದೆಯೇ ಎಂದು ಒಬ್ಬರು ಕೇಳಿದರು, ಮಿಕ್ಕವರು ತಲೆದೂಗಿದರು. ಇವರ ತಲೆಯೊಳಗೆ ಕಟ್ಟಿಕೊಂಡಿರುವುದನ್ನು ಕೆದಕಲು ಸೂಜಿ ಸಾಲದು ಎಂದುಕೊಂಡು ಹಿಂದೆ ಬಂದೆ.

ಅವರ ಮಾತು ಹಾಳಾಗಲಿ. ನನಗೆ ಬೇಕಾದದ್ದು ಒಬ್ಬನ ಕೆನ್ನೆ. ನನ್ನ ಅವ್ವನ ಅಪ್ಪ, ಅಂದಾನಜ್ಜ. ಎಂಬತ್ತನಾಲ್ಕು ವರ್ಷ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು, ಉಸುಕಿನ ಮೇಲೆ ಅಕ್ಷರ ತಿದ್ದಿಸಿದವನು. ಅರವತ್ತು ವರ್ಷದಿಂದ ದಿನಾ ಗುಡ್ಡ ಹತ್ತಿ ಗಾಳಿಕಂಬಗಳಿಗೆ ಕಿವಿ ಹಚ್ಚಿ, ಯಾವುದರ ಬೇರಿಂಗು ನರಳುತ್ತಿದೆ ಎಂದು ಹೇಳುವವನು. ಆ ಕೆಲಸ ಬಿಟ್ಟರೆ ಅವನಿಗೆ ಬೇರೆ ಉಸಿರಿಲ್ಲ. ಒಳವಾಸಕ್ಕೆ ಹೋದ ಮುದುಕರನ್ನು ನಾನು ನೋಡಿದ್ದೇನೆ. ಕಿಟಕಿಯ ಪಕ್ಕದ ಹಾಸಿಗೆ, ಒಂಬತ್ತು ಅಳತೆ ನೀರು, ಮೂರು ತಿಂಗಳಲ್ಲಿ ಮಣ್ಣು. ಅಜ್ಜನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದೆ. ಈ ಬೇಸಗೆಯಲ್ಲಿ ಸೋಮಲಿಂಗ ಅವನನ್ನು ಎರಡು ಸಲ ಹಿಂದೆ ಕಳಿಸಿದ್ದಾನೆ. ಕಳಿಸುವಾಗ ಅವನ ಕಣ್ಣಲ್ಲೂ ನೀರಿತ್ತು, ಆದರೆ ಕಟ್ಟಳೆ ಕಟ್ಟಳೆಯೇ. ಇನ್ನು ಎಂಟು ದಿನಕ್ಕೆ ಹಕ್ಕಳೆ ಉದುರುತ್ತದೆ, ಅಜ್ಜ ಮತ್ತೆ ನನ್ನ ಮುಂದೆ ಕೂರುತ್ತಾನೆ. ಆ ದಿನ ಕುಯ್ದರೆ ಮುಗಿಯಿತು.

ಗುಟ್ಟಾಗಿ ಎರಡಕ್ಕೆ ಇಟ್ಟುಬಿಡು ಎಂದು ನೀವು ಹೇಳಬಹುದು. ಬಳೆ ಒಂದೊಂದು ಅಂಕಿ ದಾಟುವಾಗಲೂ ಟಿಕ್ ಎನ್ನುತ್ತದೆ. ಗುಡ್ಡದ ಮೇಲಿನ ಬೇರಿಂಗು ಕೇಳುವ ಕಿವಿ ಅಜ್ಜನದು, ಕಣ್ಣು ಮುಚ್ಚಿಕೊಂಡು ಎಣಿಸುತ್ತಾನೆ. ಹಾಗಾಗಿ ನೇರವಾಗಿಯೇ ಹೇಳಿದೆ.

"ಅಜ್ಜಾ, ಇದು ಮಾನದ ಅಂಕಿ ಅಲ್ಲ. ಅಲಗು ಎಷ್ಟ ಹೊರಗ ಬರಬೇಕು ಅನ್ನೂದರ ಅಳತಿ. ನಿನ್ನ ಚರ್ಮಕ್ಕ ಎರಡ ಸಾಕು."

ಅಜ್ಜ ಬಳೆಯ ಮೇಲೆ ಬೆರಳಾಡಿಸಿದ. ಎರಡು ಎಂದರೆ ಮೀಸೆ ಚಿಗುರುವ ಹುಡುಗರದು. ಅದರಲ್ಲಿ ಬೋಳಿಸಿಕೊಂಡು ಅಗಸಿಯ ಬಾಗಿಲಿಗೆ ಹೋದರೆ ಜನ ಏನಂದಾರು ಎಂಬ ಯೋಚನೆ ಅವನ ಮುಖದ ಮೇಲೆ ಕಾಣುತ್ತಿತ್ತು. ಕೊನೆಗೆ ಮೆಲ್ಲಗೆ ಹೇಳಿದ.

"ಹಿಂದಿನವರು ಬರದಿಟ್ಟಿದ್ರ ತೋರ್ಸು, ಕೇಳ್ತೀನಿ. ಇಲ್ಲಾಂದ್ರ ಒಂಬತ್ತಕ್ಕ ತಿರುವು. ಅದೂ ಆಗೂದಿಲ್ಲಾಂದ್ರ ಎಲ್ಲಿಂದರ ಒಂದ್ ಐದಲಗಿ ತಾ."

ಐದಲಗಿ! ನನ್ನ ಅಪ್ಪನನ್ನು ಮಣ್ಣಿಗೆ ಇಟ್ಟ ಆ ಹೊಲಸನ್ನು ಮತ್ತೆ ತಾ ಎಂದು ಅವನೇ ಕೇಳಿದ. ಮಾನ ಹೋಗುವುದಕ್ಕಿಂತ ಕೀವಾಗುವುದು ಲೇಸು ಅವನಿಗೆ. ಆ ಕ್ಷಣ ಅವನ ಮೇಲೂ ನನಗೆ ಹೇಸಿಗೆ ಬಂತು. ಬರೆಯಲು ಸಂಕಟವಾಗುತ್ತದೆ, ಆದರೆ ಬಂತು. ಅದಕ್ಕಿಂತ ಹತ್ತು ಪಟ್ಟು ಭಯ ಬಂತು.

ಮೋಸವನ್ನೂ ಮಾಡಿ ನೋಡಿದೆ. ತಿಪ್ಪೆಗುಡ್ಡದಿಂದ ಹಳೇ ಕಾಗದ ತಂದು, ಮಸಿ ಕಲಸಿ, ನಿಮ್ಮ ಕಾಲದವರ ಹಾಗೆ ದುಂಡಗೆ ನಾಲ್ಕು ಸಾಲು ಬರೆದು, ಹೊಗೆ ಹಿಡಿಸಿ ಅಜ್ಜನ ಕೈಗಿಟ್ಟೆ. ಅವನು ಕಾಗದವನ್ನು ಕಣ್ಣ ಹತ್ತಿರ ಹಿಡಿದು, ಮಡಚಿ, ನನಗೇ ವಾಪಸು ಕೊಟ್ಟ. "ಈ ಅಕ್ಷರ ಕಲಿಸಿದಾಂವ ನಾನs, ಗಂಗೀ," ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈ ಕಾಗದ. ನಮ್ಮಲ್ಲಿ ಒಂದು ಪದ್ಧತಿ ಇದೆ, ಇಳಿಕಾಗದ ಅಂತ. ತಿಪ್ಪೆಗುಡ್ಡದಲ್ಲಿ ಕೆಳಕ್ಕೆ ಹೋದಷ್ಟೂ ಹಿಂದಿನ ಕಾಲ ಸಿಗುತ್ತದೆ, ಆದ್ದರಿಂದ ಕೆಳಗಿಟ್ಟ ಕಾಗದ ಹಿಂದಿನವರಿಗೆ ತಲುಪುತ್ತದೆ ಎಂದು ಹಿರಿಯರು ನಂಬುತ್ತಾರೆ. ನಾನು ನಂಬಿದವಳಲ್ಲ. ಇಂದು ಮಾತ್ರ ಇದನ್ನು ನಿಮ್ಮ ಡಬ್ಬಿ ಸಿಕ್ಕ ಗುಂಡಿಗೇ ಇಳಿಸುತ್ತೇನೆ.

ನಿಮ್ಮನ್ನು ಇಷ್ಟು ಬೈದ ಮೇಲೆ ಕೇಳಲು ನಾಚಿಕೆಯಾಗುತ್ತದೆ. ಐದಲಗಿ ಬಿಡಿ ಎಂದೂ ಕೇಳುವುದಿಲ್ಲ, ಅದು ನಿಮ್ಮ ಮುಖ, ನಿಮ್ಮ ಕರ್ಮ. ರೇಜರಿನ ಜೊತೆ ಹೇಗೆ ಬಳಸಬೇಕೆಂದು ಅಚ್ಚು ಹಾಕಿದ ಒಂದು ಚೀಟಿ ಬಂದಿರಲೇಬೇಕು. ನೀವು ಅದನ್ನು ಓದದೆ ಎಲ್ಲೋ ಎಸೆದಿರಿ. ಆ ಚೀಟಿ ಹುಡುಕಿ ಡಬ್ಬಿಗೆ ಹಾಕಿ. ಸಿಗದಿದ್ದರೆ ನಿಮ್ಮ ಕೈಯಲ್ಲೇ ಎರಡು ಸಾಲು ಬರೆಯಿರಿ. ಅಂಕಿ ಅಂದರೆ ಅಲಗಿನ ಸಂದು, ಮುದುಕರ ಕೆನ್ನೆಗೆ ಎರಡು ಎಂದರೆ ಸಾಕು. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ, ನನ್ನದಾಗಿರದಿದ್ದರೆ ಆಯಿತು. ಮುಚ್ಚಳ ಬಿಗಿಯಾಗಿ ಹಾಕಿ.

ಡಬ್ಬಿಯನ್ನು ನಾನು ಪೂರ್ತಿ ಬರಿದು ಮಾಡಿದ್ದೇನೆ, ಅದರಲ್ಲಿ ಚೀಟಿ ಇಲ್ಲ ಎಂದು ನನಗೆ ಗೊತ್ತು. ಆದರೂ ದಿನಾ ಗಂಡಸರನ್ನೆಲ್ಲ ಅಗಸಿಗೆ ಕಳಿಸಿದ ಮೇಲೆ ಹೋಗಿ ಆ ಗುಂಡಿಯ ಸುತ್ತ ಅಗೆಯುತ್ತಿದ್ದೇನೆ. ಎಂಟು ದಿನ ಅಗೆಯುತ್ತೇನೆ. ನಾನು ಹೇಳಿದರೆ ಅಜ್ಜ ನಂಬುವುದಿಲ್ಲ ಹೊಂಬಳ ಅವರೇ, ನೀವು ಬರೆದರೆ ನಂಬುತ್ತಾನೆ.

ಇಂತಿ,
ಗಂಗಿಮಾಳವ್ವ
ಕೆನ್ನೆಗಾರ್ತಿ, ಏಳನೇ ಓಣಿ